ಅಡಿ ಹಿಡಿದ ನೀರು

ಜಿದ್ ಹಫ್ಸ್‌ನ ಹಿಂದಣ ಗಲ್ಲಿ, ಕಾರು ತಿರುಗದಷ್ಟು ಕಿರಿದು.
ಬಾಗಿಲಿಗೆ ಬೋರ್ಡಿಲ್ಲ. ವಾಸನೆಯೇ ವಿಳಾಸ:
ಪುದೀನ ಕಾಯಿಸಿದ ದಿನ ಒಂದು ಬೀದಿಯವರೆಗೆ,
ಹೊಂಬಾಳೆ ಕಾಯಿಸಿದ ದಿನ ಮೂರು.

ಬಾಟಲಿ ತೊಳೆಯಲು ಬಂದವನು ನಾನು,
ಗಂಗೊಳ್ಳಿಯ ಭಾಸ್ಕರ ಖಾರ್ವಿ.
ವೀಸಾದಲ್ಲಿ ‘ಸಹಾಯಕ’ ಎಂದಿತ್ತು,
ಯಾರಿಗೆ, ಯಾತಕ್ಕೆ ಎಂದಿರಲಿಲ್ಲ.

ಮಹ್ದಿ ಅತಿಯ್ಯ ಮೊದಲ ದಿನ ನನ್ನ ಕೈ ಮೂಸಿ ನೋಡಿದರು.
“ಮೀನು,” ಎಂದು ನಕ್ಕರು.
“ನಮ್ಮಜ್ಜನ ಕೈಯೂ ಹೀಗೇ ಇತ್ತಂತೆ. ಮುತ್ತಿಗೆ ಮುಳುಗುತ್ತಿದ್ದ.”

ಕಥೆ ಅಲ್ಲಿಂದ.
ಅಜ್ಜ ಕಡಲ ತಳದಿಂದ ಮನೆಗೆ ತಂದದ್ದು
ಕಿವಿಯ ಕೀವು, ಉಪ್ಪು ತಿಂದ ಚರ್ಮ, ಮುರಿಯುವ ಹೊಟ್ಟೆ.
ಮುತ್ತು ದೋಣಿಯ ಸಾಹುಕಾರನ ಸಾಲಕ್ಕೆ ಜಮೆ.
ಅಜ್ಜಿಯ ಹೆಸರು ಜವಾಹಿರ್. ರತ್ನಗಳು ಎಂದರ್ಥ;
ಮನೆಯಲ್ಲಿದ್ದ ಒಡವೆ ಆ ಹೆಸರೊಂದೇ.
ಆದರೂ ಬಸ್ರಾದ ತಾಮ್ರದ ಹಂಡೆ ಕೊಂಡಳು,
ಏನು ಮಾರಿ ಎಂದು ಇಂದಿಗೂ ಯಾರೂ ಹೇಳುವುದಿಲ್ಲ.

ಹಿತ್ತಲ ಗಿಡ ಮದ್ದಲ್ಲ, ನಮ್ಮ ಕಡೆಯ ಮಾತು.
ಆಕೆಗೆ ಇಡೀ ಹಿತ್ತಲೆಂದರೆ ಒಂದು ಖರ್ಜೂರದ ಮರ.
ಅದರ ಹೊಂಬಾಳೆ ಸೀಳಿ, ರಾತ್ರಿಯೆಲ್ಲ ನೆನೆಸಿ, ಕಾಯಿಸಿ,
ಓಡಿಹೋಗುವ ಆವಿಯ ಸೆರಗು ಹಿಡಿದು
ಮತ್ತೆ ನೀರಾಗು ಎಂದು ಕೂರಿಸಿದಳು.
ನನ್ನಮ್ಮ ಹೊಟ್ಟೆನೋವಿಗೆ ಓಮದ ನೀರು ಕುಡಿಸುತ್ತಿದ್ದಳಲ್ಲ,
ಹಾಗೇ ಇದೂ. ಹೆಚ್ಚೇನಿಲ್ಲ.
ಹೆಚ್ಚೇನಿಲ್ಲ ಎಂದು ಗಿರಾಕಿಗೂ ಮಹ್ದಿ ಹೇಳುತ್ತಿದ್ದರು.

ಹಂಡೆ ಮುಕ್ಕಾಲಿಗಿಂತ ತುಂಬಬಾರದು.
ಕಬ್ಬಿಣದ ಸೌಟು ತಾಗಬಾರದು.
ಮುಚ್ಚಳದ ಸುತ್ತ ಕಣಕ ಮೆತ್ತುವಾಗ ಮಾತಾಡಬಾರದು.
ಅದ್ಯಾಕೆ, ಎಂದೆ.
“ಅಜ್ಜಿ ಆಡುತ್ತಿರಲಿಲ್ಲ.”
ಅಷ್ಟೇ.

ಸಕ್ಕರೆ ಕಾಯಿಲೆಯವರು ಬಂದರೆ
ನೀರು ಕೊಡದೆ ಆಸ್ಪತ್ರೆಯ ಬಸ್ಸಿನ ನಂಬರು ಕೊಡುತ್ತಿದ್ದರು.
ಒಮ್ಮೆ ಮನಾಮದಿಂದ ಸೂಟಿನವನೊಬ್ಬ ಲೇಬಲ್ ತಂದ,
ಚಿನ್ನದ ಅಕ್ಷರ, ನಲವತ್ತು ರೋಗಗಳ ಪಟ್ಟಿ.
ಮಹ್ದಿ ಕನ್ನಡಕ ಹಾಕಿ ಕೊನೆತನಕ ಓದಿ,
“ಸಾವೊಂದು ಬಿಟ್ಟುಹೋಗಿದೆಯಲ್ಲ,” ಎಂದರು.
ಅವನಿಗೆ ಚಹಾ ತರಿಸಿದರು.

ಆ ಫೆಬ್ರವರಿ ರಾತ್ರಿ ಊರಿಂದ ಫೋನು, ತಂಗಿಗೆ ಹೆರಿಗೆ.
ಮಾತಿನಲ್ಲಿ ಮುಳುಗಿದೆ.
ಹಂಡೆ ಅಡಿ ಹಿಡಿಯಿತು.
ನೋಡಲು ಅದೇ ತಿಳಿನೀರು, ಅರವತ್ತು ಬಾಟಲಿ.
ಮುಚ್ಚಳ ಬಿಗಿದು ಸಾಲಾಗಿ ಇಟ್ಟೆ. ಯಾರಿಗೆ ತಿಳಿದೀತು?

ಬೆಳಿಗ್ಗೆ ಅವರು ಗಲ್ಲಿಯ ತುದಿಯಲ್ಲೇ ನಿಂತುಬಿಟ್ಟರು.
ಒಳಗೆ ಬಂದರು. ಬೈಯಲಿಲ್ಲ.
ಒಂದೊಂದೇ ಬಾಟಲಿ ಬಿಚ್ಚಿ ಖರ್ಜೂರದ ಬುಡಕ್ಕೆ ಸುರಿದರು.
ನಡುವೆ, ತಲೆಯೆತ್ತದೆ, “ಗಂಡೋ ಹೆಣ್ಣೋ?”
“ಹೆಣ್ಣು.”
“ಮಾಷಾ ಅಲ್ಲಾಹ್,” ಮತ್ತೊಂದು ಬಾಟಲಿ.
ಸಂಬಳದಲ್ಲಿ ಒಂದು ಫಿಲ್ಸೂ ಹಿಡಿಯಲಿಲ್ಲ.
ನಾನು ಎಣಿಸಿದ್ದು ಐವತ್ತೊಂಬತ್ತು.
ಕೇಳುವ ಮುಖ ಎಲ್ಲಿತ್ತು ನನಗೆ.

ಹೋದ ಚಳಿಗಾಲ ಮಹ್ದಿ ತೀರಿಕೊಂಡರು.
ಮಗ ರಿಫಾದಲ್ಲಿ, ಬ್ಯಾಂಕಿನಲ್ಲಿ. ಬೀಗದಕೈ ನನ್ನ ಕೈಗಿಟ್ಟು
“ಹಂಡೆಗೆ ನಿನ್ನ ಪರಿಚಯವಿದೆ,” ಎಂದ.

ಮೇಲಿನ ಹಲಗೆ ಒರೆಸುವಾಗ, ಲೆಕ್ಕದ ಪುಸ್ತಕದ ಹಿಂದೆ
ಮೂರು ಬಾಟಲಿ.
ಮೊದಲನೆಯದು ನಾನೇ ತೊಳೆದದ್ದು. ಮೂಸುವುದೇ ಬೇಡ.
ಎರಡನೆಯದಕ್ಕೆ ತವರದ ಮುಚ್ಚಳ, ಮಗುವಿನ ಸೊಟ್ಟ ಅಕ್ಷರದಲ್ಲಿ
‘ಮಹ್ದಿ’ ಎಂದು ಕೆತ್ತಿತ್ತು. ತೆರೆದೆ: ಹೊಗೆ.
ಮೂರನೆಯದು ಹಸಿರು ದಪ್ಪ ಗಾಜು.
ಬಿರಡೆ ಬೆರಳಲ್ಲೇ ಪುಡಿಯಾಯಿತು.
ತಳದಲ್ಲಿ ಅರ್ಧ ಬೆರಳಷ್ಟು ನೀರು, ಬಣ್ಣವಿಲ್ಲ.
ತುಂಬ ಹೊತ್ತು ಮೂಗಿಗೆ ಹಿಡಿದು ನಿಂತೆ.

ಜವಾಹಿರಮ್ಮ, ನಿಮಗೂ.

ಈಗ ಮತ್ತೆ ಹೊಂಬಾಳೆ ಕಾಲ.
ಫೋನು ಅಕ್ಕಿಡಬ್ಬಿಯಲ್ಲಿದೆ.
ಹೊರಗೆ ಯಾರೋ ಬಾಗಿಲು ತಟ್ಟುತ್ತಿದ್ದಾರೆ, ಏನೋ ಕೇಳುತ್ತಿದ್ದಾರೆ.
ಕಣಕ ಮೆತ್ತುತ್ತಿದ್ದೇನೆ.